ಬೇಸ್‌ಬಾಲ್ ಬ್ಯಾಟಿಂಗ್ ಲೆಕ್ಕ: ಕೊನೆಗೂ ತಾಳೆಯಾಯಿತು

ನಮ್ಮ ತಂಡದ ಸ್ಕೋರ್ ಬರೆಯುವವನು ನಾನೇ. ಆ್ಯಪ್ ಇರುವಾಗ ಪೆನ್ಸಿಲ್ ಯಾಕೆ ಎಂದು ನಕ್ಕವರೇ ಈಗ ಸೀಸನ್ ಮುಗಿದ ಮೇಲೆ ನನ್ನ ಹಾಳೆ ಕೇಳಿಕೊಂಡು ಬರುತ್ತಾರೆ.

ಆ್ಯಪ್‌ಗೂ ದುಡ್ಡು ಸುರಿದಿದ್ದೆವು. ಆ ಚಂದಾ ಹಣಕ್ಕೆ ಎರಡು ಒಳ್ಳೆ ಬ್ಯಾಟ್ ಬರುತ್ತಿದ್ದವು. ಎದುರಾಳಿಯ ಎರರ್‌ನಿಂದ (ಫೀಲ್ಡಿಂಗ್ ತಪ್ಪಿನಿಂದ) ಬೇಸ್ ಮುಟ್ಟಿದರೂ ಅದು ಆನ್-ಬೇಸ್‌ಗೆ, ಅಂದರೆ ಬ್ಯಾಟರ್ ಅಂಥ ತಪ್ಪಿನ ನೆರವಿಲ್ಲದೆ ಬೇಸ್ ಮುಟ್ಟಿದ ಪ್ರಮಾಣಕ್ಕೆ, ಸೇರಿಸಿಬಿಡುತ್ತಿತ್ತು. ತಂಡದ ಸರಾಸರಿಗೆ ಆಟಗಾರರ ಸರಾಸರಿಗಳನ್ನೇ ಕೂಡಿಸಿ ಭಾಗಿಸುತ್ತಿತ್ತು! ಸರಾಸರಿ ಅಂದರೆ ಹಿಟ್‌ಗಳನ್ನು (ಚೆಂಡು ಹೊಡೆದು ಬೇಸ್ ಮುಟ್ಟಿದ್ದು) ಅಟ್ ಬ್ಯಾಟ್‌ನಿಂದ (ಸರಾಸರಿಯ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) ಭಾಗಿಸಿದ್ದು. 2 ಅಟ್ ಬ್ಯಾಟ್‌ಗೆ 1 ಹಿಟ್ ಇದ್ದವನದು .500, 40ಕ್ಕೆ 10 ಇದ್ದವನದು .250. ಇಬ್ಬರದೂ ಸೇರಿ .375 ಅಂತೆ. ನಿಜಕ್ಕೂ ಅದು 42ಕ್ಕೆ 11, ಅಂದರೆ .262. ಒಂದು ಸೀಸನ್, ಸುಮಾರು 25 ಪಂದ್ಯಗಳ ಲೆಕ್ಕ ಹೀಗೆ ಹಾಳಾಯಿತು.

ನನ್ನ ದಾರಿ ಉಲ್ಟಾ. ಅಟ್ ಬ್ಯಾಟ್ ಎಣಿಸಲು ಹೋಗುವುದೇ ಇಲ್ಲ. ಮೊದಲು ಪ್ಲೇಟ್ ಅಪಿಯರೆನ್ಸ್, ಅಂದರೆ ಬ್ಯಾಟ್ ಮಾಡಿದ ಎಲ್ಲ ಸರದಿಗಳನ್ನೂ, ಎಣಿಸುತ್ತೇನೆ. ಅದರಲ್ಲಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಬೇಸ್), ಹಿಟ್ ಬೈ ಪಿಚ್ (ಎಸೆದ ಚೆಂಡು ಮೈಗೆ ತಗುಲಿದ್ದು), ಸ್ಯಾಕ್ ಫ್ಲೈ (ಕ್ಯಾಚ್ ಕೊಟ್ಟು ಔಟಾದರೂ ರನ್ ಬಂದದ್ದು), ಸ್ಯಾಕ್ ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟಿ, ತಾನು ಔಟಾಗಿ ರನ್ನರ್‌ನನ್ನು ಮುಂದೆ ಕಳಿಸಿದ್ದು), ಅಪರೂಪಕ್ಕೆ ಬರುವ ಕ್ಯಾಚರ್ ಇಂಟರ್‌ಫಿಯರೆನ್ಸ್ (ಕ್ಯಾಚರ್ ಬ್ಯಾಟರ್‌ಗೆ ಅಡ್ಡ ಬಂದದ್ದು) ಕಳೆದರೆ ಉಳಿದದ್ದು ಅಟ್ ಬ್ಯಾಟ್. ಯಾಕೆ ಅಂದರೆ ಪ್ಲೇಟ್ ಅಪಿಯರೆನ್ಸ್‌ಗೆ ತಾಳೆ ನೋಡಬಹುದು. ರನ್, ಬೇಸ್ ಮೇಲೆ ಉಳಿದವರು, ಔಟ್ ಮೂರನ್ನೂ ಕೂಡಿಸಿ. 5 ರನ್, ಉಳಿದವರು 8, ಔಟ್ 27 ಆದರೆ ಒಟ್ಟು 40 ಬರಲೇಬೇಕು. 39 ಬಂತೋ, ಎಲ್ಲೋ ಒಂದು ಬಿಟ್ಟುಹೋಗಿದೆ. ಎಕ್ಸ್‌ಟ್ರಾ ಇನ್ನಿಂಗ್ಸ್‌ನಲ್ಲಿ ಎರಡನೇ ಬೇಸ್‌ಗೆ ಸುಮ್ನೆ ತಂದು ನಿಲ್ಲಿಸುವ ರನ್ನರ್ ಇದ್ದರೆ ಅವನನ್ನು ಕಳೆಯಿರಿ. ಬಿಟ್ಟುಹೋದದ್ದು ಯಾವ ಇನ್ನಿಂಗ್ಸ್‌ನದು ಎಂದು ತಕ್ಷಣ ಹಿಡಿಯಲು ಹಾಳೆಯ ಅಂಚಿನಲ್ಲಿ ಒಂದು ಗುರುತು ಹಾಕುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆನ್-ಬೇಸ್‌ನ ಛೇದದಲ್ಲಿ ಸ್ಯಾಕ್ ಫ್ಲೈ ಬರುತ್ತದೆ, ಬಂಟ್ ಬರುವುದಿಲ್ಲ. ಇದು ಗೊತ್ತಿದ್ದರೆ ಸಾಕು.

ಓಪಿಎಸ್ (ಆನ್-ಬೇಸ್‌ಗೆ ಸ್ಲಗ್ಗಿಂಗ್, ಅಂದರೆ ಒಂದು ಅಟ್ ಬ್ಯಾಟ್‌ಗೆ ಎಷ್ಟು ಬೇಸ್ ಎಂಬುದನ್ನು ಕೂಡಿಸಿದ್ದು) ವಿಷಯದಲ್ಲಿ ಮಾತ್ರ ತಂಡದವರ ಜೊತೆ ಜಗಳವೇ ಆಯಿತು. ದಶಾಂಶದ ಮೂರನೇ ಅಂಕಿಗೆ ಇಷ್ಟೆಲ್ಲ ಯಾಕೆ ಅಂದರು. ಅಮೆರಿಕದ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್‌ನ 1941ರ ಅಂಕಿಗಳನ್ನು ಮುಂದಿಟ್ಟೆ. 456 ಅಟ್ ಬ್ಯಾಟ್, 185 ಹಿಟ್, ಆ ಹೆಸರಾಂತ .406. ಹಿಟ್‌ಗಳಲ್ಲಿ 33 ಡಬಲ್, 3 ಟ್ರಿಪಲ್, 37 ಹೋಂ ರನ್, ಅಂದರೆ 335 ಟೋಟಲ್ ಬೇಸ್ (ಸಿಂಗಲ್‌ಗೆ 1, ಡಬಲ್‌ಗೆ 2, ಟ್ರಿಪಲ್‌ಗೆ 3, ಹೋಂ ರನ್‌ಗೆ 4). 147 ವಾಕ್, 3 ಹಿಟ್ ಬೈ ಪಿಚ್ ಸೇರಿದರೆ ಬೇಸ್ ಮುಟ್ಟಿದ್ದೂ 335 ಸಲ! ಮಜಾ ಅಲ್ವಾ? ಬೇಸ್ ಮುಟ್ಟಿದ್ದನ್ನು 606ರಿಂದ (456 + 147 + 3), ಟೋಟಲ್ ಬೇಸನ್ನು 456ರಿಂದ ಭಾಗಿಸಿ. ಮೊದಲೇ ಮೂರು ಅಂಕಿಗೆ ಇಳಿಸಿದರೆ .553 ಮತ್ತು .735, ಕೂಡಿದರೆ 1.288. ಪೂರ್ತಿ ದಶಾಂಶ ಇಟ್ಟುಕೊಂಡು ಕೂಡಿ, ಕೊನೆಗೆ ಇಳಿಸಿದರೆ 1.287. ಆಮೇಲೆ ಯಾರೂ ಮಾತಾಡಲಿಲ್ಲ.

ಈ ನಡುವೆ ಆನ್-ಬೇಸ್‌ಗೆ ಹೆಚ್ಚು ತೂಕ ಕೊಡಲು ಅದನ್ನು 1.8ರಿಂದ ಗುಣಿಸಿ, ಆಮೇಲೆ ಸ್ಲಗ್ಗಿಂಗ್ ಕೂಡಿಸಿ ನೋಡಿದೆ. ನಮ್ಮಲ್ಲಿ ವಾಕ್ ಗಿಟ್ಟಿಸುವ ಹುಡುಗನೊಬ್ಬ ಆರನೇ ಸ್ಥಾನದಿಂದ ಎರಡಕ್ಕೆ ಹಾರಿದ. ಲೈನ್‌ಅಪ್ (ಬ್ಯಾಟಿಂಗ್ ಕ್ರಮ) ಬದಲಾಯಿಸಿ ಎಂದು ಕೋಚ್‌ಗೆ ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.