ಚೀಸ್ ಇಲ್ಲದ ನೇಪಲ್ಸ್ ಪಿಜ್ಜಾ: ಮರಿನಾರಾ ಮಾಡೋದು ಹೇಗೆ

ಚೀಸ್ ಇಲ್ದಿದ್ರೆ ಅದೆಂಥಾ ಪಿಜ್ಜಾ ಅನ್ನೋರು ಒಂದ್ಸಲ ಮರಿನಾರಾ ಮಾಡ್ಕೊಂಡು ತಿನ್ನಲೇಬೇಕು. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ, ಉಪ್ಪು, ಅಷ್ಟೇ ಮೇಲೆ ಬೀಳೋದು. 2010ರಲ್ಲಿ ಯುರೋಪಿಯನ್ ಯೂನಿಯನ್ ಇಟಲಿಯ ನೇಪಲ್ಸ್ ಊರಿನ ಪಿಜ್ಜಾಗೆ ಸಾಂಪ್ರದಾಯಿಕ ತಿನಿಸು ಅಂತ ಮಾನ್ಯತೆ ಕೊಟ್ಟಾಗ ಮಾರ್ಗರಿಟಾ ಜೊತೆ ಇದೂ ಇತ್ತು. ಚೀಸ್ ಇಲ್ಲದ್ರಿಂದ ಹಿಟ್ಟು ಸರಿಯಾಗಿಲ್ದೇ ಇದ್ರೆ ಮೊದಲ ತುತ್ತಲ್ಲೇ ಗೊತ್ತಾಗುತ್ತೆ, ಅದಕ್ಕೇ ಹಿಟ್ಟಿಗೆ ಟೈಮ್ ಕೊಡಿ.

ಅರ್ಧ ಕೆಜಿ ಮೈದಾಗೆ (ತುಂಬಾ ನುಣ್ಣಗೆ ಬೀಸಿರೋ ಇಟಲಿಯ 00 ಗೋಧಿ ಹಿಟ್ಟು ಸಿಕ್ರೆ ಇನ್ನೂ ಒಳ್ಳೇದು) 300 ಎಂಎಲ್ ನೀರು, 15 ಗ್ರಾಂ ಉಪ್ಪು, 1 ಗ್ರಾಂ ಇನ್‌ಸ್ಟಂಟ್ ಯೀಸ್ಟ್ ಸಾಕು. ಸಕ್ಕರೆ, ಎಣ್ಣೆ ಎರಡೂ ಬೇಡ. 10-15 ನಿಮಿಷ ಚೆನ್ನಾಗಿ ನಾದಿ, ಮುಚ್ಚಿ 2 ಗಂಟೆ ಬಿಡಿ, ಆಮೇಲೆ 200 ಗ್ರಾಂನ ನಾಲ್ಕು ಉಂಡೆ ಮಾಡಿ ಮತ್ತೆ 5-6 ಗಂಟೆ ಮುಚ್ಚಿಡಿ, ಸೆಖೆ ಜಾಸ್ತಿ ಇದ್ರೆ ಬೇಗ ಉಬ್ಬುತ್ತೆ, ನೋಡ್ತಾ ಇರಿ.

ಲಟ್ಟಣಿಗೆ ಮಾತ್ರ ಮುಟ್ಟಲೇಬೇಡಿ, ಒಳಗಿರೋ ಗಾಳಿಯೆಲ್ಲಾ ಹೋಗ್ಬಿಡುತ್ತೆ. ಬೆರಳ ತುದಿಯಿಂದ ನಡುವಿಂದ ಹೊರಗೆ ಒತ್ಕೊಂಡು ಹೋಗಿ, ಅಂಚು ಒಂದೆರಡು ಸೆಂಟಿಮೀಟರ್ ಹಾಗೇ ಬಿಡಿ, ಆ ಗಾಳಿ ಅಲ್ಲಿ ಸೇರ್ಕೊಂಡ್ರೇನೇ ಅಂಚು ಉಬ್ಬೋದು.

ಟೊಮ್ಯಾಟೊ ಬೇಯಿಸಬೇಡಿ. ಸಿಪ್ಪೆ ತೆಗೆದಿರೋ ಡಬ್ಬಿ ಟೊಮ್ಯಾಟೊ, ಸಿಕ್ರೆ ಇಟಲಿಯ ಸ್ಯಾನ್ ಮರ್ಜಾನೊ ತಳಿಯದ್ದು, ಕೈಯಲ್ಲೇ ಹಿಸುಕಿ ಉಪ್ಪು ಹಾಕಿ, ಒಂದು ಪಿಜ್ಜಾಗೆ 80 ಗ್ರಾಂ ಸಾಕು, ಜಾಸ್ತಿ ಆದ್ರೆ ನಡುವೆ ಒದ್ದೆಯಾಗುತ್ತೆ. ಒಂದು ಎಸಳು ಬೆಳ್ಳುಳ್ಳಿನ ತೆಳ್ಳಗೆ ಹೆಚ್ಚಿ ಟೊಮ್ಯಾಟೊ ಒಳಗೆ ಸ್ವಲ್ಪ ಹುದುಗಿಸಿ, ಯಾಕಂದ್ರೆ ನೇಪಲ್ಸಿನ ಕಟ್ಟಿಗೆ ಒಲೇಲಿ 485 ಡಿಗ್ರಿಗೆ 60-90 ಸೆಕೆಂಡಲ್ಲಿ ಪಿಜ್ಜಾ ರೆಡಿ, ಮನೆ ಓವನ್ನಲ್ಲಿ ಆರೇಳು ನಿಮಿಷ ಬೇಕು, ಅಷ್ಟೊತ್ತು ಮೇಲೇ ಕೂತಿದ್ರೆ ಬೆಳ್ಳುಳ್ಳಿ ಸೀದು ಕಹಿಯಾಗುತ್ತೆ. ಒಣ ಒರೆಗಾನೊನ ಅಂಗೈಲಿ ಉಜ್ಜಿ ಉದುರಿಸಿ, ಆಗ ಬರೋ ಘಮಾನೇ ಬೇರೆ! ಕೊನೆಗೆ ಒಂದು ಟೀ ಚಮಚ ಎಣ್ಣೆ ಸುತ್ತ ಸುರೀರಿ.

ಓವನ್ ಎಷ್ಟು ಬಿಸಿಯಾಗುತ್ತೋ ಅಷ್ಟು, 250 ಡಿಗ್ರಿ ಆದ್ರೂ ಇಟ್ಟು, ಪಿಜ್ಜಾ ಕಲ್ಲನ್ನ ಮುಕ್ಕಾಲು ಗಂಟೆ ಒಳಗೇ ಕಾಯಿಸಿ, ಅದರ ಮೇಲೆ ಜಾರಿಸಿ ಬೇಯಿಸಿ. ಕೊನೇ ಒಂದು ನಿಮಿಷ ಗ್ರಿಲ್ ಆನ್ ಮಾಡಿದ್ರೆ ಅಂಚಲ್ಲಿ ಕಪ್ಪು ಚುಕ್ಕೆ ಬೀಳುತ್ತೆ, ಅದು ಬೇಕೇ ಬೇಕು. ತೆಗೆದ ತಕ್ಷಣ ನಾಲ್ಕು ಮಡಿಕೆ ಮಡಚಿ ಬಿಸಿಬಿಸಿ ತಿನ್ನಿ, ನೇಪಲ್ಸಿನ ಬೀದೀಲಿ ಹಾಗೇ ತಿನ್ನೋದು. ಉಂಡೆ ಉಳಿದ್ರೆ ಡಬ್ಬೀಲಿ ಮುಚ್ಚಿ ಫ್ರಿಜ್ಜಲ್ಲಿಡಿ, ಮಾರನೇ ದಿನ ಒಂದೆರಡು ಗಂಟೆ ಮೊದ್ಲೇ ಹೊರಗೆ ತೆಗೆದಿಡಿ.