ಕೇಬಲ್ ಎಳೆಯಬೇಡಿ, ಬಿಟ್ಟು ಬನ್ನಿ: ಫುಕುಶಿಮಾದಲ್ಲಿ ನನ್ನ ಅನುಭವ

ಫುಕುಶಿಮಾ ದಾಯಿಚಿ ಸ್ಥಾವರದೊಳಗೆ ಹೋದ ರೋಬಾಟ್‌ಗಳನ್ನೆಲ್ಲ ವಿಕಿರಣವೇ ಸುಟ್ಟುಹಾಕಿತು ಅಂತ ಒಂದು ನಂಬಿಕೆ ಇದೆ. ಕ್ಯಾಮೆರಾ ಕಪ್ಪಾಗುತ್ತಾ ಬಂದು ಯಂತ್ರವನ್ನು ಅರ್ಧಕ್ಕೇ ವಾಪಸ್ ಕರೆಸಿದ ಉದಾಹರಣೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒಳಗೇ ಉಳಿದುಹೋದವುಗಳ ಕಥೆ ಬೇರೆ. 2011ರ ಅಕ್ಟೋಬರ್‌ನಲ್ಲಿ ಕ್ವಿನ್ಸ್ ಎಂಬ ರೋಬಾಟ್ 2ನೇ ಘಟಕದ ಐದನೇ ಮಹಡಿವರೆಗೆ ಹತ್ತಿತು, ಅಳೆಯಬೇಕಾದದ್ದನ್ನು ಅಳೆಯಿತು, ಇಳಿಯುವಾಗ ಮೂರನೇ ಮಹಡಿಯಲ್ಲಿ ಕೇಬಲ್ ಸಿಕ್ಕಿಸಿಕೊಂಡು ನಿಂತುಬಿಟ್ಟಿತು. 2015ರಲ್ಲಿ 1ನೇ ಘಟಕದಲ್ಲಿ ರಿಯಾಕ್ಟರನ್ನು ಸುತ್ತುವರಿದ ಉಕ್ಕಿನ ಪಾತ್ರೆಗೆ, ಅಂದರೆ ಕಂಟೈನ್‌ಮೆಂಟ್‌ಗೆ ಕಳಿಸಿದ ಹಾವಿನಂಥ ಯಂತ್ರ, 2017ರಲ್ಲಿ 2ನೇ ಘಟಕಕ್ಕೆ ಬಿಟ್ಟ ‘ಚೇಳು’, ಎರಡೂ ದಾರಿಯಲ್ಲೇ ಸಿಕ್ಕಿಹಾಕಿಕೊಂಡವು, ಎರಡರ ಕೇಬಲ್ಲನ್ನೂ ಕತ್ತರಿಸಿ ಅಲ್ಲೇ ಬಿಟ್ಟರು.

ಪೀಣ್ಯದಲ್ಲಿ ಕೈ ಪಳಗಿಸಿಕೊಂಡು ಬಂದವನು ನಾನು. ಈಗ ಫುಕುಶಿಮಾ ಪ್ರಾಂತ್ಯದ ಇವಾಕಿ ನಗರದಲ್ಲಿ ಏಳೆಂಟು ಜನರ ಒಂದು ಕಂಪನಿಯಲ್ಲಿದ್ದೇನೆ. ಗುತ್ತಿಗೆಯ ಗುತ್ತಿಗೆಯ ಗುತ್ತಿಗೆ ನಮ್ಮದು. ರಿಯಾಕ್ಟರ್ ಕಟ್ಟಡದ ಮಹಡಿಗಳಲ್ಲಿ ಕ್ರಾಲರ್ (ಟ್ಯಾಂಕಿನಂತೆ ಪಟ್ಟಿ, ಅಂದರೆ ಟ್ರ್ಯಾಕ್ ಮೇಲೆ ಓಡುವ ರೋಬಾಟ್) ಓಡಿಸಿ, ಎಲ್ಲೆಲ್ಲಿ ಎಷ್ಟು ವಿಕಿರಣ ಇದೆ ಅನ್ನುವ ಡೋಸ್ ನಕ್ಷೆ, ಫೋಟೊ ತರುವುದು ಕೆಲಸ. ಕಂಟೈನ್‌ಮೆಂಟ್ ಒಳಗಲ್ಲ, ಅದರ ಹೊರಗಿನ ಕಟ್ಟಡ. ಯಾವ ಘಟಕ, ಯಾವ ಮಹಡಿ ಅಂತ ಬರೆಯಲು ಒಪ್ಪಂದ ಬಿಡುವುದಿಲ್ಲ.

ಅಲ್ಲಿ ವೈರ್‌ಲೆಸ್ ಮರೆತುಬಿಡಿ. ಮೀಟರುಗಟ್ಟಲೆ ದಪ್ಪದ ಕಾಂಕ್ರೀಟ್, ಎರಡು ತಿರುವು ದಾಟಿದರೆ ಚಿತ್ರ ಚೂರುಚೂರು. ಹಾಗಾಗಿ ಹೆಚ್ಚಿನವರದು ಕೇಬಲ್. ನಾವು ಮೊದಲು ಇಟ್ಟುಕೊಂಡಿದ್ದದ್ದು ಬಾಗಿಲ ಬಳಿ ಒಂದು ದೊಡ್ಡ ಡ್ರಮ್, ಅದು ತಿರುಗುತ್ತಿದ್ದರೂ ಕರೆಂಟು, ಬೆಳಕಿನ ಸಂಕೇತ ಕಡಿಯದಂತೆ ಅದಕ್ಕೆ ಸ್ಲಿಪ್ ರಿಂಗ್, ಆಪ್ಟಿಕಲ್ ರೋಟರಿ ಜಾಯಿಂಟ್. ಜಾಯಿಂಟ್ ಒಂದಕ್ಕೇ ನಾಲ್ಕು ಲಕ್ಷ ಯೆನ್ ಹತ್ತಿರ ಬಿತ್ತು. ಮೊದಲ ನಲವತ್ತು ಮೀಟರ್ ಸಲೀಸು. ಆಮೇಲೆ ಗೂಟಕ್ಕೆ ಕಟ್ಟಿದ ಹಸು ಸುತ್ತಿ ಸುತ್ತಿ ಹಗ್ಗ ಗಿಡ್ಡ ಮಾಡಿಕೊಳ್ಳುತ್ತದಲ್ಲ, ಅದೇ ಗತಿ. ಮೂಲೆಗೆ ಸವರಿದ ಕೇಬಲ್ಲಿನ ಎಳೆತ ಕೂಡುತ್ತಾ ಹೋಗುವುದಲ್ಲ, ಗುಣಿಸುತ್ತಾ ಹೋಗುವುದು. ನಾಲ್ಕು ಲಂಬಕೋನದ ಮೂಲೆ ದಾಟುವಷ್ಟರಲ್ಲಿ ಹತ್ತು ಹನ್ನೆರಡು ಪಟ್ಟಾಗಿ ಟ್ರ್ಯಾಕ್ ನಿಂತಲ್ಲೇ ಉಜ್ಜತೊಡಗುತ್ತದೆ. ಇನ್ನೂ ದೊಡ್ಡ ತಲೆನೋವೆಂದರೆ ಡ್ರಮ್ ಪಕ್ಕ ಒಬ್ಬಿಬ್ಬರು ನಿಂತು ಕೇಬಲ್ ಬಿಡಬೇಕು, ಎಳೆದುಕೊಳ್ಳಬೇಕು. ಅವರಿಗೆ ಡೋಸ್ ಬೀಳುತ್ತದೆ. ಕಾನೂನಿನ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 50 ದಾಟುವಂತಿಲ್ಲ. ಕಂಪನಿಗಳು ಅದಕ್ಕಿಂತ ಬಹಳ ಕೆಳಗೇ ಗೆರೆ ಎಳೆದುಕೊಂಡಿರುತ್ತವೆ. ಎಂಟು ಜನರ ಕಂಪನಿಯಲ್ಲಿ ಇಬ್ಬರ ಡೋಸ್ ಖರ್ಚಾಗಿಬಿಟ್ಟರೆ ಮುಂದಿನ ಟೆಂಡರಿಗೆ ಕಳಿಸಲು ಜನವೇ ಇರುವುದಿಲ್ಲ. ಡೋಸ್ ಅಂದರೆ ನಮಗೆ ನೇರ ದುಡ್ಡು.

ನಾನು ಹೇಳಿದ್ದು ಇಷ್ಟೇ: ಕ್ರಾಲರ್ ಕೇಬಲ್ ಎಳೆಯುವುದೇ ಬೇಡ. ಸ್ಪೂಲ್ ಅದರ ಬೆನ್ನ ಮೇಲೇ ಇರಲಿ, ಗಾಜಿನ ಎಳೆಯಲ್ಲಿ ಬೆಳಕಾಗಿ ಸಂಕೇತ ಸಾಗಿಸುವ ಬರೀ ಫೈಬರ್ ಇರಲಿ, ಕರೆಂಟಿಗೆ ಬ್ಯಾಟರಿ. ಹೋಗುವಾಗಲೂ ಬಿಡುತ್ತಾ ಹೋಗಲಿ, ಬರುವಾಗಲೂ ಬಿಡುತ್ತಾ ಬರಲಿ. ಸುತ್ತಿಕೊಳ್ಳುವ ಮಾತೇ ಇಲ್ಲ. ನೆಲಕ್ಕೆ ಬಿದ್ದದ್ದನ್ನು ಯಾರೂ ಎಳೆಯದಿದ್ದರೆ ಅದು ಎಲ್ಲಿ ಸಿಕ್ಕಿಕೊಂಡರೆ ಏನಂತೆ? ಈಗ ಯುದ್ಧದ ಡ್ರೋನ್‌ಗಳು ಕಿಲೋಮೀಟರುಗಟ್ಟಲೆ ಫೈಬರ್ ಬಿಡುತ್ತಾ ಹಾರುವುದನ್ನು ನೋಡಿದವರಿಗೆ ಇದು ಸಹಜ ಅನ್ನಿಸಬಹುದು. ನಾನು ಹೇಳಿದಾಗ ನಮ್ಮ ಮೇಲಿನ ಗುತ್ತಿಗೆದಾರರು ಮೀಟಿಂಗಿನಲ್ಲಿ ನಕ್ಕರು.

ಅವರ ಮೊದಲ ತಕರಾರು, ವಿಕಿರಣಕ್ಕೆ ಫೈಬರ್ ಕಪ್ಪಾಗುತ್ತದೆ, ಒಳತಿರುಳು (ಕೋರ್) ಶುದ್ಧ ಸಿಲಿಕಾ ಇರುವುದೇ ಬೇಕು ಅಂತ. ಅದರ ಬೆಲೆ ಕೇಳಿ ನಮ್ಮ ಮಾಲೀಕರು ಚಹಾ ಕೆಳಗಿಟ್ಟರು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದೆ. ನಮ್ಮ ಮಹಡಿಯಲ್ಲಿ ಗಂಟೆಗೆ ಕೆಲವು ಹತ್ತು ಮಿಲಿಸೀವರ್ಟ್, ಬಿಸಿ ಜಾಗದಲ್ಲಿ ಇನ್ನಷ್ಟು. ಒಂದು ಓಟಕ್ಕೆ ಫೈಬರ್‌ಗೆ ಬೀಳುವುದು ಒಂದು ಗ್ರೇಯಷ್ಟೂ (ವಸ್ತು ಹೀರುವ ವಿಕಿರಣದ ಅಳತೆ; ಇಲ್ಲಿ ಸಾವಿರ ಮಿಲಿಸೀವರ್ಟ್ ಅಂದುಕೊಳ್ಳಿ) ಇಲ್ಲ. ಅಂಗಡಿಯಲ್ಲಿ ಸಿಗುವ ಸಿಂಗಲ್ ಮೋಡ್ ಫೈಬರ್ ನೂರು ಗ್ರೇ ತಿಂದರೂ ಇನ್ನೂರು ಮೀಟರಿಗೆ ಕಳೆದುಕೊಳ್ಳುವುದು ಒಂದೆರಡು ಡೆಸಿಬೆಲ್ ಬೆಳಕು; ಬೆಳಕು ಕಳಿಸಿ ಹಿಡಿಯುವ ನಮ್ಮ ಮಾಡ್ಯೂಲ್‌ಗಳಿಗೆ ಹದಿನೈದರ ಮೇಲೂ ನಷ್ಟ ತಡೆಯುವ ಅವಕಾಶವಿತ್ತು. ಕೋರ್‌ನಲ್ಲಿ ರಂಜಕ (ಫಾಸ್ಫರಸ್) ಇರುವುದನ್ನು ಮಾತ್ರ ಮುಟ್ಟಬೇಡಿ, ಅದು ಬೇಗ ಕಪ್ಪಾಗುತ್ತದೆ. ಕಂಟೈನ್‌ಮೆಂಟ್ ಒಳಗಾದರೆ ಈ ಲೆಕ್ಕ ನಡೆಯುವುದಿಲ್ಲ, ಅದು ಬೇರೆ ಲೋಕ.

ಎರಡನೇ ತಕರಾರು ತ್ಯಾಜ್ಯ. ಒಳಗೆ ಕಸ ಬಿಟ್ಟು ಬರುತ್ತೀರಾ ಅಂತ. ಬರೀ 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪದ ಫೈಬರ್ ಇನ್ನೂರು ಮೀಟರ್ ತೂಗಿದರೆ ಹದಿನಾಲ್ಕು ಗ್ರಾಂ. ತಕ್ಕಡಿಯನ್ನು ಮೀಟಿಂಗಿಗೇ ಒಯ್ದು ತೋರಿಸಿದೆ. ಹಳೇ ಕೇಬಲ್ ಅಷ್ಟೇ ಉದ್ದಕ್ಕೆ ಹದಿನೈದು ಕೆಜಿ ಇತ್ತು, ಅದನ್ನು ಒರೆಸಿ ಒರೆಸಿ ತೊಳೆಯುವುದಕ್ಕೆ ಉಪಯೋಗಿಸಿದ ಬಟ್ಟೆಯೇ ಚೀಲಗಟ್ಟಲೆ ತ್ಯಾಜ್ಯ. ಆ ದಿನ ಯಾರೂ ನಗಲಿಲ್ಲ.

ಆದರೆ ಲೆಕ್ಕ ಗೆದ್ದರೂ ಯಂತ್ರ ಸೋಲುತ್ತಲೇ ಇತ್ತು. ನರಾಹಾದಲ್ಲಿ ಜಪಾನ್ ಪರಮಾಣು ಶಕ್ತಿ ಸಂಸ್ಥೆಯ ಅಣಕು ಪರೀಕ್ಷಾ ಕೇಂದ್ರ ಇದೆ: ಇಳಿಜಾರು ಬದಲಿಸಬಹುದಾದ ಮೆಟ್ಟಿಲು, ನೀರಿನ ತೊಟ್ಟಿ, ಎಲ್ಲ ಇದೆ. ಬಾಡಿಗೆಗೆ ಸಿಗುತ್ತದೆ, ಆದರೆ ಗಡಿಯಾರ ನೋಡುತ್ತಾ ಕೆಲಸ ಮಾಡಬೇಕು. ಅಲ್ಲಿ ಬರೀ ಫೈಬರ್ ಮೆಟ್ಟಿಲಿನ ಅಂಚಿಗೆ ತಗುಲಿ ಪಟಪಟ ತುಂಡಾಯಿತು. 900 ಮೈಕ್ರಾನಿನದು ತಂದೆವು. ಗಟ್ಟಿ, ಆದರೆ ಸ್ಪೂಲ್ ದಪ್ಪವಾಗಿ ಕ್ರಾಲರ್ ಮೆಟ್ಟಿಲಲ್ಲಿ ಹಿಂದಕ್ಕೆ ಮಗುಚಿತು, ಲೇಸರಿನಿಂದ ದೂರ ಅಳೆಯುವ ಲೈಡಾರ್ ಒಡೆಯಿತು. ಒಂದೂವರೆ ಲಕ್ಷ ಯೆನ್ ಹೋಯಿತು. ಕೊನೆಗೆ ಅರ್ಧ ಮಿಲಿಮೀಟರ್ ಒಳಗೆ ಬರುವ ನೈಲಾನ್ ಪದರದ್ದು ಹಿಡಿದೆವು. ಇನ್ನೂರು ಮೀಟರಿಗೆ ನಲವತ್ತು ಗ್ರಾಂ ಆಸುಪಾಸು.

ನಿಜವಾಗಿ ಸತಾಯಿಸಿದ್ದು ತಿರುಚು. ಸ್ಪೂಲ್ ತಿರುಗುವುದಿಲ್ಲ, ಫೈಬರ್ ಅದರ ತುದಿಯಿಂದ ಕಳಚಿಕೊಂಡು ಬರುತ್ತದೆ. ಹಾಗಾಗಿ ಸ್ಲಿಪ್ ರಿಂಗ್, ರೋಟರಿ ಜಾಯಿಂಟ್ ಬೇಡ, ನಾಲ್ಕು ಲಕ್ಷ ಉಳಿತು. ಆದರೆ ಪ್ರತಿ ಸುತ್ತಿಗೂ ಫೈಬರ್‌ನಲ್ಲಿ ಒಂದು ಪೂರ್ತಿ ತಿರುಚು ಸೇರುತ್ತದೆ. ಆರು ಸೆಂಟಿಮೀಟರ್ ಸ್ಪೂಲಿನಲ್ಲಿ ಇನ್ನೂರು ಮೀಟರಿಗೆ ಸಾವಿರ ತಿರುಚು. ಸಡಿಲ ಬಿದ್ದ ಕಡೆಯೆಲ್ಲ ಅದು ಪುಟ್ಟ ಪುಟ್ಟ ಕುಣಿಕೆಯಾಗಿ ಎದ್ದು ನಿಲ್ಲುತ್ತದೆ, ವಾಪಸ್ ಬರುವ ಕ್ರಾಲರ್ ಅದನ್ನೇ ತುಳಿದು, ಟ್ರ್ಯಾಕ್ ತಿರುಗಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್‌ಗೆ ಸುತ್ತಿಕೊಳ್ಳುತ್ತದೆ. ಒನಹಾಮಾ ಬಂದರಿನ ಹತ್ತಿರ ಗಾಳದ ಸಾಮಾನು ಮಾರುವ ಅಜ್ಜ ಒಬ್ಬರು ನಮ್ಮ ಸ್ಪೂಲ್ ನೋಡಿ, ಇದು ಮೀನು ಹಿಡಿಯುವ ರೀಲಿನ ಹಳೇ ರೋಗ, ಸುತ್ತುವಾಗಲೇ ಎದುರು ದಿಕ್ಕಿಗೆ ತಿರುಚಿ ಸುತ್ತಬೇಕು ಅಂದರು. ಸುತ್ತುವ ಯಂತ್ರವನ್ನು ಹಳೇ ಲೇತ್ ಮೋಟಾರಿನಿಂದ ನಾನೇ ಕಟ್ಟಿದೆ. ಒಂದಕ್ಕೊಂದು ಸರಿಯಾಗಿ ವಜಾ ಆಗುವಂತೆ ತಿರುಚಿದರೆ ಸಾಲದು, ಸ್ವಲ್ಪ ಹೆಚ್ಚು ಬೇಕು. ಎಷ್ಟು ಹೆಚ್ಚು ಅನ್ನುವುದನ್ನು ನಾನೇ ಇಟ್ಟುಕೊಳ್ಳುತ್ತೇನೆ.

ಸ್ಪೂಲಿನ ಪದರ ಕುಸಿಯದಂತೆ ಅಂಟು ಬೇಕು ಅಂತ ಗೊತ್ತಾದದ್ದು ವಿಚಿತ್ರ ರೀತಿಯಲ್ಲಿ. 2022ರ ಮಾರ್ಚ್ 16ರ ರಾತ್ರಿ 7.4ರ ಭೂಕಂಪ. ಮಾರನೇ ದಿನ ಶೆಡ್ಡಿಗೆ ಹೋದರೆ ಕಪಾಟೇ ಬಿದ್ದಿದೆ, ಸ್ಪೂಲ್‌ಗಳೆಲ್ಲ ನೆಲದ ಮೇಲೆ. ಬರೀ ಸುತ್ತಿದ್ದವು ಬಿಡಿಸಲಾಗದ ಗೋಜಲು. ಬೇರೇನೋ ಪರೀಕ್ಷೆಗೆ ಅಂತ ಮೇಣ ಹಚ್ಚಿಟ್ಟಿದ್ದ ಎರಡು ಮಾತ್ರ ಒಂದು ಎಳೆ ಅಲುಗದೆ ಇದ್ದವು. ಅವತ್ತಿಂದ ಎಲ್ಲಕ್ಕೂ ಅಂಟು. ತೀರಾ ಗಟ್ಟಿಯಾದರೆ ಕಳಚುವಾಗ ಜಗ್ಗುತ್ತದೆ, ಮೃದುವಾದರೆ ಒಟ್ಟಿಗೇ ಐದಾರು ಸುತ್ತು ಉದುರುತ್ತವೆ, ಚಳಿಗಾಲಕ್ಕೊಂದು ಬೇಸಿಗೆಗೊಂದು ಮಿಶ್ರಣ ಬೇಕು. ಅದರ ಅಳತೆಯನ್ನೂ ಕೇಳಬೇಡಿ. ಆ ಭೂಕಂಪಕ್ಕೆ ಬುಲೆಟ್ ರೈಲು ತೊಹೊಕು ಶಿಂಕಾನ್‌ಸೆನ್ ಹಳಿ ತಪ್ಪಿತ್ತು. ಸೆಂದಾಯಿಯಿಂದ ಬರಬೇಕಿದ್ದವರು, ಬರಬೇಕಿದ್ದ ಸಾಮಾನು ಎಲ್ಲ ತಡವಾಗಿ, ಸುಮಾರು ಒಂದು ತಿಂಗಳು ನಾವು ಸುತ್ತುವುದನ್ನೇ ಸುತ್ತುತ್ತಾ ಕೂತೆವು.

ಇಂಥ ಭೂಕಂಪಗಳೇ ನಮ್ಮ ಪರವಾಗಿ ವಾದವನ್ನೂ ಮಾಡಿದವು ಅನ್ನಿ. ಕೆಟ್ಟ ಸ್ಥಾವರ ಇದ್ದ ಹಾಗೇ ಇರುವುದಿಲ್ಲ. 2021ರ ಫೆಬ್ರವರಿಯ 7.3ರ ಕಂಪನದ ನಂತರ 1 ಮತ್ತು 3ನೇ ಘಟಕದ ಕಂಟೈನ್‌ಮೆಂಟ್ ನೀರಿನ ಮಟ್ಟ ಇಳಿದಿತ್ತು, ಹೊರಗೆ ನೀರಿನ ಟ್ಯಾಂಕ್‌ಗಳು ಕೆಲವು ಸೆಂಟಿಮೀಟರ್ ಜರುಗಿದ್ದವು, 3ನೇ ಘಟಕದ ಕಂಪನಮಾಪಕಗಳು ಮೊದಲೇ ಕೆಟ್ಟು ಕೂತಿದ್ದವು ಅಂತಲೂ ಆಮೇಲೆ ಗೊತ್ತಾಯಿತು. ಅಲುಗಾಡಿದ ಪ್ರತಿ ಸಲ ಒಳಗೆ ಏನು ಬಿತ್ತು, ಎಲ್ಲಿ ತೇವ ಹೆಚ್ಚಿತು ಅಂತ ಬೇಗ ನೋಡಬೇಕು. ಡ್ರಮ್ ಹೊತ್ತು ಸಾಗಿಸಿ ಜೋಡಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ನಮ್ಮದು ಒಬ್ಬ ಎತ್ತಿಕೊಂಡು ಹೋಗಿ ಬಾಗಿಲಲ್ಲಿಟ್ಟು, ಫೈಬರ್ ತುದಿ ಸಿಕ್ಕಿಸಿ, ಎದ್ದು ಬಂದುಬಿಡುವಂಥದ್ದು. ಅವನ ಜೇಬಿನ ಡೋಸ್ ಮೀಟರಿನ ಅಲಾರಂ ಒಂದು ಸಲವೂ ಕೂಗುವುದಿಲ್ಲ.

ಒಳಗೆ ಮೊದಲ ಓಟ ನಲವತ್ತು ನಿಮಿಷದ ಆಸುಪಾಸು. ನರಾಹಾದ ಒಣ ನೆಲದಲ್ಲಿ ಕಾಡಿದ ಕುಣಿಕೆಗಳು ಇಲ್ಲಿ ಏಳಲೇ ಇಲ್ಲ, ಏಕೆಂದರೆ ನೆಲವೆಲ್ಲ ಒದ್ದೆ, ಫೈಬರ್ ಬಿದ್ದ ಕಡೆ ಅಂಟಿಕೊಂಡಿತು. ಲೆನ್ಸಿಗೆ ಮಂಜು ಹಿಡಿದದ್ದೊಂದೇ ತೊಂದರೆ. ವಾಪಸ್ ಬರುವಾಗ ತನ್ನದೇ ಫೈಬರ್ ಮೇಲೆ ಹಲವು ಸಲ ಹತ್ತಿತು. ಸ್ಪ್ರಾಕೆಟ್‌ಗೆ ಹಾಕಿದ ಪ್ಲಾಸ್ಟಿಕ್ ಮರೆ ಕಾಪಾಡಿತು. ಆ ಮರೆ ಅಡುಗೆಮನೆ ಕತ್ತರಿಸುವ ಹಲಗೆಯಿಂದ ಕೊಯ್ದದ್ದು, ಆರುನೂರು ಯೆನ್. ಮೀಟಿಂಗಿನಲ್ಲಿ ನಕ್ಕವರು ಅವತ್ತು ಕಂಟ್ರೋಲ್ ಕೋಣೆಯಲ್ಲಿ ನನ್ನ ಹಿಂದೆ ನಿಂತು ಪರದೆಯ ಫೋಟೊ ತೆಗೆದುಕೊಂಡರು. ಡ್ರಮ್ಮಿನ ಹಳೇ ವ್ಯವಸ್ಥೆಗೆ ಹಾಕಿದ ದುಡ್ಡಿನ ಎಂಟನೇ ಒಂದು ಭಾಗದಲ್ಲಿ ಇಡೀ ಕೆಲಸ ಮುಗಿದಿತ್ತು, ಮುರಿದ ಲೈಡಾರ್ ಸೇರಿಸಿ.

ನಡುವೆ ಫೈಬರ್ ತುಂಡಾದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಬಂದ ದಾರಿಯನ್ನು ನೆನಪಿಟ್ಟುಕೊಂಡು ಹಿಮ್ಮುಖವಾಗಿ ರೇಡಿಯೊ ಸಿಗುವ ಜಾಗದವರೆಗೆ ತಾನೇ ಬರುತ್ತದೆ. ನರಾಹಾದಲ್ಲಿ ಬೇಕೆಂದೇ ಕತ್ತರಿಸಿ ನೋಡಿದ್ದೇವೆ, ಹತ್ತಕ್ಕೆ ಎಂಟು ಸಲ ಬಂತು. ಉಳಿದ ಎರಡಕ್ಕೆ ಹೋಗಿ ಎತ್ತಿಕೊಂಡು ಬಂದೆವು. ದಾಯಿಚಿಯಲ್ಲಿ ಹಾಗೆ ಎತ್ತಿಕೊಂಡು ಬರಲಾಗುವುದಿಲ್ಲ, ಹಾಗಾಗಿ ಅದರ ಮೇಲೆ ಇನ್ನೂ ಕೂತಿದ್ದೇನೆ. ಬಿಟ್ಟು ಬಂದ ಫೈಬರ್ ಹೊಳೆಯಲಿ, ಆಮೇಲೆ ಎತ್ತಲು ಸುಲಭ ಅಂತ ಬಣ್ಣ ಬಳಿದದ್ದು ಶುದ್ಧ ದಂಡ. ಒಂದೇ ಓಟಕ್ಕೆ ಧೂಳು ಮುಚ್ಚಿತು.

ಈಗ ಕೆಳ ಅಂತಸ್ತಿನ ನೀರು ತುಂಬಿದ ಕೋಣೆಗಳಿಗೂ ಇದನ್ನೇ ಮಾಡಿಕೊಡಿ ಅನ್ನುತ್ತಿದ್ದಾರೆ. ನೀರಿನಲ್ಲಿ ನನ್ನ ಅಂಟು ಬಿಟ್ಟುಕೊಳ್ಳುತ್ತದೆ, ತೊಟ್ಟಿಯಲ್ಲಿ ನೋಡಿಯಾಗಿದೆ. ಬೇರೆ ಅಂಟು ಹುಡುಕಲು ಮುಂಗಡ ಕೇಳಿದ್ದೇನೆ. ಕೊಟ್ಟರೆ ಸುತ್ತುವ ಯಂತ್ರಕ್ಕೆ ಮೊದಲು ಹೊಸ ಮೋಟಾರು.