1,23,45,678: ದೊಡ್ಡ ಸಂಖ್ಯೆಯ ಜಾತಕ ಬರೆಯುವುದು ಹೇಗೆ?

ಸಂಖ್ಯೆಯೊಂದು ಯಾವ ಗುಂಪಿಗೆ (ಸಮೃದ್ಧ ಸಂಖ್ಯೆ, ಎರಡು ವರ್ಗಗಳ ಮೊತ್ತ ಮುಂತಾದವು) ಸೇರುತ್ತದೆ ಎಂಬುದರ ಮುಕ್ಕಾಲು ಪಾಲು ಉತ್ತರ ಅದರ ಅವಿಭಾಜ್ಯ ಅಪವರ್ತನಗಳಲ್ಲೇ ಇರುತ್ತದೆ. ಹಾಗಾಗಿ ಹೆಚ್ಚು ಸಮಯವನ್ನು ಅಲ್ಲಿಗೇ ಮೀಸಲಿಡಿ. 1,23,45,678 ಅನ್ನೇ ಹಿಡಿದು ನೋಡೋಣ.

ಸುಲಭದ್ದು ಮೊದಲು. ಸಂಖ್ಯೆ ಸಮ, ಆದರೆ ಕೊನೆಯ ಎರಡಂಕಿ 78 ನಾಲ್ಕರಿಂದ ಭಾಗವಾಗದು, ಆದ್ದರಿಂದ 2 ಒಂದೇ ಸಲ. ಅಂಕಿಗಳ ಮೊತ್ತ 36, ಅಂದರೆ 9 ಕೂಡ ಭಾಜಕ. 18ರಿಂದ ಭಾಗಿಸಿದರೆ 6,85,871. ಇದರ ಅಂಕಿಗಳ ಮೊತ್ತ 35. 3ರ ಲೆಕ್ಕ ಮುಗಿಯಿತು. 5 ಹೇಗೂ ಇಲ್ಲ.

7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು, ಏಕೆಂದರೆ ಅವುಗಳ ಗುಣಲಬ್ಧ 1001. ಬಲದಿಂದ ಮೂರು ಮೂರಂಕಿಯ ತುಂಡು ಮಾಡಿ ಕಳೆಯಿರಿ: 871 − 685 = 186. ಶೇಷ ಕ್ರಮವಾಗಿ 4, 10, 4, ಮೂರೂ ಇಲ್ಲ. 37ಕ್ಕೆ ಅದೇ ತುಂಡುಗಳನ್ನು ಕೂಡಿ (999 = 27 × 37): 1,556, ಶೇಷ 2. ಉಳಿದ 17ರಿಂದ 43ರವರೆಗಿನವಕ್ಕೆ ಅಡ್ಡದಾರಿ ಇಲ್ಲ, ಭಾಗಿಸಲೇಬೇಕು. ಯಾವುದೂ ಹೊಂದುವುದಿಲ್ಲ. 47ಕ್ಕೆ ಬಂದಾಗ ಶೇಷ ಸೊನ್ನೆ, ಭಾಗಲಬ್ಧ 14,593.

ಎಡವುವುದು ಇಲ್ಲೇ. 6,85,871ರ ವರ್ಗಮೂಲ 828ರ ಆಸುಪಾಸು ಎಂದು ಅಲ್ಲಿಯವರೆಗೂ ತಡಕುತ್ತಾ ಹೋಗಬೇಡಿ. ಈಗಿನ ಮಿತಿ 14,593ರ ವರ್ಗಮೂಲ, ಅಂದರೆ 120. ಹಾಗೆಂದು 53ಕ್ಕೆ ಜಿಗಿಯಲೂಬೇಡಿ, 47 ಮತ್ತೊಮ್ಮೆ ಬರಬಹುದು. 47ರಿಂದ 113ರವರೆಗಿನ 16 ಅವಿಭಾಜ್ಯಗಳನ್ನು ಪರೀಕ್ಷಿಸಿದರೆ 14,593 ಅವಿಭಾಜ್ಯವೆಂದು ಖಚಿತ.

1,23,45,678 = 2 × 3² × 47 × 14,593

ಭಾಜಕಗಳ ಎಣಿಕೆಗೆ ಪ್ರತಿ ಘಾತಾಂಕಕ್ಕೂ 1 ಕೂಡಿಸಿ ಗುಣಿಸಿ: 2 × 3 × 2 × 2 = 24. ಭಾಜಕಗಳ ಮೊತ್ತ 3 × 13 × 48 × 14,594 = 2,73,19,968. ನಡುವಿನ 13 ಬಂದದ್ದು 1 + 3 + 9ರಿಂದ. (1+3)² ಎಂದು 16 ಹಾಕಿದರೆ ಇಡೀ ಲೆಕ್ಕ ಕೆಡುತ್ತದೆ. ಸಂಖ್ಯೆಯನ್ನೇ ಕಳೆದರೆ 1,49,74,290, ಮೂಲಕ್ಕಿಂತ ಹೆಚ್ಚು. ಆದ್ದರಿಂದ ಇದು ಸಮೃದ್ಧ ಸಂಖ್ಯೆ. (ಅಷ್ಟು ಬೇಕಿದ್ದರೆ ಇಷ್ಟು ಶ್ರಮವೇ ಬೇಡ: 6ಕ್ಕಿಂತ ದೊಡ್ಡದಾದ 6ರ ಗುಣಕಗಳೆಲ್ಲ ಸಮೃದ್ಧವೇ.) ಆಯ್ಲರ್ ಫೈ ಬೆಲೆ (ಈ ಸಂಖ್ಯೆಯೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದ, ಅದಕ್ಕಿಂತ ಚಿಕ್ಕ ಸಂಖ್ಯೆಗಳ ಎಣಿಕೆ) 1 × 6 × 46 × 14,592 = 40,27,392.

ವರ್ಗಗಳ ವಿಚಾರ ಇನ್ನೂ ಸ್ವಾರಸ್ಯದ್ದು. 4ರಿಂದ ಭಾಗಿಸಿದರೆ 47ರ ಶೇಷ 3, ಘಾತಾಂಕವೋ ಬೆಸ. ಹಾಗಾಗಿ ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ಇಡೀ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ ಶೇಷ 2 ಇರುವುದರಿಂದ ಎರಡು ವರ್ಗಗಳ ವ್ಯತ್ಯಾಸವೂ ಆಗದು. 8ರಿಂದ ಭಾಗಿಸಿದರೆ ಶೇಷ 6, ಆದ್ದರಿಂದ ಲೆಜಾಂಡ್ರ್ ನಿಯಮದಂತೆ (4ರಿಂದ ಭಾಗವಾಗದ ಸಂಖ್ಯೆಗೆ ಈ ಶೇಷ 7 ಆದರಷ್ಟೇ ತೊಡಕು) ಮೂರು ವರ್ಗಗಳ ಮೊತ್ತವಾಗಿ ಬರೆಯಬಹುದು. ಗಣಿತಜ್ಞ ಡಿ.ಆರ್. ಕಾಪ್ರೇಕರ್ ಹೆಸರಿಟ್ಟ ಹರ್ಷದ ಸಂಖ್ಯೆಯೂ (ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುವ ಸಂಖ್ಯೆ) ಇದಲ್ಲ: ಅಂಕಿಗಳ ಮೊತ್ತವಾದ 36ರಿಂದ ಇದು ಭಾಗವಾಗುವುದಿಲ್ಲ.

16 ಅಂಕಿ ಅಥವಾ ಅದಕ್ಕಿಂತ ಉದ್ದದ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ಪರೀಕ್ಷಿಸಬೇಡಿ. ಅದು 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಮುಂದಿನವನ್ನು ಸೊನ್ನೆ ಮಾಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪೂರ್ಣಾಂಕಗಳಿಗೆ ಆ ಮಿತಿಯಿಲ್ಲ. ಆದರೆ ಶೇಷ ನೋಡಲು ಶೇಕಡಾ ಚಿಹ್ನೆಯನ್ನೇ (%) ಬಳಸಿ, ಒಂದೇ ಗೀಟಿನ (/) ಭಾಗಾಕಾರ ದಶಮಾಂಶಕ್ಕೆ ತಿರುಗಿ ಕೊನೆಯ ಅಂಕಿಗಳನ್ನು ನುಂಗುತ್ತದೆ.